ಮಸಾಲೆ ಕಾಫಿ: ಯಾವುದು ನೀರಿಗೆ, ಯಾವುದು ಹಾಲಿಗೆ

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಊರಿಗೆ ಬಂದಾಗಲೆಲ್ಲ ಅಲ್ಲಿನ ಕೆಫೆಗಳಲ್ಲಿ ಚಳಿಗಾಲಕ್ಕೆಂದು ಮಾಡುವ ಮಸಾಲೆ ಕಾಫಿಯ ಮಾತೆತ್ತುತ್ತಾಳೆ. ಕುಂಬಳಕಾಯಿ ಹೆಸರಿನ ಕಾಫಿಯೂ ಇದೆಯಂತೆ. ಮನೆಯಲ್ಲೇ ಮಾಡೋಣವೆಂದು ಹಸಿ ಶುಂಠಿ, ಚಕ್ಕೆ, ಲವಂಗ, ಏಲಕ್ಕಿ, ಬೆಲ್ಲ ಎಲ್ಲವನ್ನೂ ಹಾಲು ಮತ್ತು ಡಿಕಾಕ್ಷನ್ ಜೊತೆ ಹಾಕಿ ಕುದಿಸಿದೆ. ಒಮ್ಮೆ ಹಾಲು ಒಡೆಯಿತು. ಇನ್ನೊಮ್ಮೆ ಒಡೆಯಲಿಲ್ಲ, ಆದರೆ ಕುಡಿಯಲಾಗದಷ್ಟು ಕಹಿಯಾಯಿತು. ನಮ್ಮದು ಬೋರ್‌ವೆಲ್ ನೀರು. ತಪ್ಪು ಎಲ್ಲಿದೆ? ಮಳೆಗಾಲ, ಬೇಸಿಗೆಗೂ ಇಂಥ ಕಾಫಿ ಮಾಡಬಹುದೇ? ಪುಡಿ ಮಾಡಿ ಮಗಳ ಕೈಯಲ್ಲಿ ಕಳಿಸಬಹುದೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ತಾಯಿ, ನೀವು ಚಹಾ ಮಾಡುವ ಕ್ರಮದಲ್ಲಿ ಕಾಫಿ ಮಾಡಿದ್ದೀರಿ. ತೊಂದರೆಯೆಲ್ಲ ಅಲ್ಲಿಂದಲೇ ಶುರುವಾಗಿದೆ. ಕಾಫಿ ತೋಟಗಳ ಚಿಕ್ಕಮಗಳೂರು ನಮ್ಮ ಪಕ್ಕದ ಜಿಲ್ಲೆಯಾದರೂ ದಾವಣಗೆರೆ, ಚಿತ್ರದುರ್ಗದ ಬೀದಿಗಳಲ್ಲಿ ಮಂಡಕ್ಕಿ ಮಿರ್ಚಿಯ ಜೊತೆಗೆ ಬರುವುದು ಶುಂಠಿ ಜಜ್ಜಿ ಹಾಕಿದ ಚಹಾ. ಚಹಾ ಪುಡಿ, ಹಾಲು, ಸಕ್ಕರೆ, ಶುಂಠಿ ಒಂದೇ ಪಾತ್ರೆಯಲ್ಲಿ ಉಕ್ಕಿ ಇಳಿದು ಮತ್ತೆ ಉಕ್ಕಬೇಕು, ಆಗಲೇ ಅದಕ್ಕೆ ಬಣ್ಣ ಮತ್ತು ಕಡಕು. ಕೈಗೆ ಆ ಅಭ್ಯಾಸ ಕೂತಿರುತ್ತದೆ. ಕಾಫಿ ಹುರಿದು ಪುಡಿ ಮಾಡಿಕೊಡುವುದು ನನ್ನ ಕಸುಬು. ಮಸಾಲೆ ಹಾಕಿ ಕಾಫಿ ಕೆಟ್ಟಿತು ಎಂದು ಅಂಗಡಿಗೆ ಬಂದು ಹೇಳುವವರನ್ನು ವಿಚಾರಿಸಿದರೆ ಹೆಚ್ಚಿನವರು ಡಿಕಾಕ್ಷನ್ ಕುದಿಸಿರುತ್ತಾರೆ.

ಡಿಕಾಕ್ಷನ್ ಎಂದರೆ ಆಗಲೇ ಇಳಿದು ಮುಗಿದ ಕಾಫಿ. ಅದನ್ನು ಮತ್ತೆ ಒಲೆಯ ಮೇಲಿಟ್ಟರೆ ಮೊದಲು ಹೋಗುವುದು ಪರಿಮಳ. ಇನ್ನೂ ಕುದಿಸಿದರೆ ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲ ಒಡೆದು ಕ್ವಿನಿಕ್ ಮತ್ತು ಕೆಫೀಕ್ ಆಮ್ಲಗಳಾಗುತ್ತದೆ. ನಾಲಗೆಯನ್ನು ಒಣಗಿಸುವ ಒಗರುಗಹಿ ಬರುವುದು ಹೀಗೆ. ಅದರ ಮೇಲೆ ಲವಂಗ ಮತ್ತು ಚಕ್ಕೆಯ ಕಹಿಯೂ ಕೂಡಿಕೊಂಡರೆ ಎಷ್ಟು ಬೆಲ್ಲ ಹಾಕಿದರೂ ಸರಿಹೋಗುವುದಿಲ್ಲ. ಒಗ್ಗರಣೆಗೆ ಸಾಸಿವೆ, ಕರಿಬೇವು, ಇಂಗನ್ನು ಒಂದೇ ಗಳಿಗೆಯಲ್ಲಿ ಹಾಕುತ್ತೀರಾ? ಸಾಸಿವೆ ಸಿಡಿಯುವವರೆಗೆ ಕಾಯುತ್ತೀರಿ. ಮಸಾಲೆ ಕಾಫಿಯಲ್ಲೂ ಯಾವ ಸಾಮಾನು ಯಾವಾಗ, ಎಲ್ಲಿಗೆ ಎನ್ನುವುದೇ ಮುಖ್ಯ. ಕೆಲವು ನೀರಿನಲ್ಲಿ ಕುದಿಯಬೇಕು, ಕೆಲವು ಬಿಸಿ ಹಾಲಿನಲ್ಲಿ ಸುಮ್ಮನೆ ಕೂರಬೇಕು, ಬೆಲ್ಲ ಕೊನೆಗೆ ಬರಬೇಕು. ಡಿಕಾಕ್ಷನ್ ಮಾತ್ರ ಯಾವ ಹಂತದಲ್ಲೂ ಕುದಿಯಬಾರದು.

ಅರಬ್ಬರು ಏಲಕ್ಕಿ ಹಾಕಿ ಕಾಫಿ ಕುದಿಸುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ, ಆದರೆ ಅವರು ಬಳಸುವ ಬೀಜ ಹೊಂಬಣ್ಣಕ್ಕಷ್ಟೇ ಹುರಿದದ್ದು. ಅದರಲ್ಲಿ ಹಾಲಿಲ್ಲ, ಚಿಕೋರಿಯಿಲ್ಲ, ಕುಡಿಯುವುದು ಪುಟ್ಟ ಬಟ್ಟಲಿನಲ್ಲಿ. ನಮ್ಮ ಹುರಿತ ಗಾಢ, ಕುದಿಸಿದರೆ ಕೆಡುತ್ತದೆ. ನಮ್ಮ ರುಚಿಗೆ ಹತ್ತಿರವಾದದ್ದು ಮೆಕ್ಸಿಕೋ ದೇಶದ ಮಡಕೆ ಕಾಫಿ. ಅಲ್ಲಿ ಮಣ್ಣಿನ ಮಡಕೆಯಲ್ಲಿ ಚಕ್ಕೆಯನ್ನೂ ಪಿಲೋನ್ಸಿಯೋ ಎಂಬ ಕಬ್ಬಿನ ಬೆಲ್ಲವನ್ನೂ ನೀರಿಗೆ ಹಾಕಿ ಕುದಿಸುತ್ತಾರೆ, ಕಾಫಿ ಪುಡಿ ಹಾಕುವುದು ಕೊನೆಗೆ.

ಇನ್ನು ಹಾಲು ಒಡೆದ ವಿಷಯ. ಇದಕ್ಕೆ ನಿಮ್ಮ ಪಾತ್ರೆಯಲ್ಲಿ ಇಬ್ಬರು ಅಪರಾಧಿಗಳಿದ್ದರು. ಮೊದಲನೆಯದು ಹಸಿ ಶುಂಠಿ. ಅದರಲ್ಲಿ ಜಿಂಜಿಬೈನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ, ಹದವಾದ ಬಿಸಿಯಲ್ಲಿ ಅದರ ಕೆಲಸ ಜೋರು. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದೇ ಗುಣವನ್ನು ಬಳಸಿಕೊಂಡು ಶುಂಠಿ ರಸಕ್ಕೆ ಬಿಸಿ ಹಾಲು ಸುರಿದು ಗಿಣ್ಣಿನ ಹದಕ್ಕೆ ಹೆಪ್ಪುಗಟ್ಟಿಸಿ ತಿನ್ನುತ್ತಾರೆ. ಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿಬಿಟ್ಟರೆ ಆ ಕಿಣ್ವ ಸಾಯುತ್ತದೆ, ಹಾಲಿಗೆ ಅಪಾಯವಿಲ್ಲ. ಚಹಾದಲ್ಲಿ ಶುಂಠಿ ನೀರಿನೊಂದಿಗೆ ಮೊದಲೇ ಕುದಿಯುವುದರಿಂದ ಅಲ್ಲಿ ಈ ತಾಪತ್ರಯ ಕಾಣುವುದಿಲ್ಲ. ಎರಡನೆಯದು ಬೆಲ್ಲ. ಬೆಲ್ಲದಲ್ಲಿ ಸಕ್ಕರೆಯಲ್ಲಿಲ್ಲದ ಆಮ್ಲಾಂಶವೂ ಲವಣಗಳೂ ಇರುತ್ತವೆ. ಕುದಿಯುವ ಹಾಲಿಗೆ ಅದು ಬಿದ್ದರೆ, ಅದರಲ್ಲೂ ಸ್ವತಃ ಹುಳಿಗುಣವಿರುವ ಕಾಫಿಯೂ ಜೊತೆಗಿದ್ದರೆ, ಹಾಲು ಒಡೆಯುವುದು ಸಹಜ. ಬೆಲ್ಲವನ್ನು ಪಾಕ ಮಾಡಿಟ್ಟುಕೊಂಡು ಒಲೆಯಿಂದ ಇಳಿಸಿದ ಮೇಲೆ ಲೋಟದಲ್ಲಿ ಬೆರೆಸಿ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕರೆ ಪಾಕ ಮಾಡುವ ಕೆಲಸವೂ ಉಳಿಯಿತು. ಮಸಾಲೆ ಕಾಫಿಗೆ ಅದಕ್ಕಿಂತ ಒಳ್ಳೆಯ ಸಿಹಿಯನ್ನು ನಾನು ಕಂಡಿಲ್ಲ.

ಬೋರ್‌ವೆಲ್ ನೀರಿನ ವಿಷಯವನ್ನು ನೀವಾಗಿಯೇ ಬರೆದದ್ದು ಒಳ್ಳೆಯದಾಯಿತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಕಾಫಿ ಕೆಡುವುದಕ್ಕೆ ಅರ್ಧ ಕಾರಣ ನೀರೇ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಗಡಸು ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿರುತ್ತದೆ. ಕಾಫಿಗೆ ಜೀವ ಕೊಡುವ ಹಣ್ಣಿನಂಥ ಹುಳಿಯನ್ನು ಅದು ಸಪ್ಪೆ ಮಾಡಿಬಿಡುತ್ತದೆ. ಸಪ್ಪೆಯಾಯಿತೆಂದು ಇನ್ನೊಂದು ಚಮಚ ಪುಡಿ ಹಾಕುತ್ತೇವೆ, ಆಗ ಕಹಿ ಏರುತ್ತದೆ. ನಗರಸಭೆಯೋ ಪಾಲಿಕೆಯೋ ಬಿಡುವ ಹೊಳೆ ನೀರು ಸಿಗುವ ದಿನ ಕಾಫಿಗೆಂದು ಒಂದು ಕೊಡ ಎತ್ತಿಟ್ಟುಕೊಳ್ಳಿ. ಇಲ್ಲದಿದ್ದರೆ ಶುದ್ಧ ನೀರಿನ ಘಟಕದ ಆರ್‌ಒ ನೀರು ಬಳಸಿ. ಆದರೆ ಬರಿಯ ಆರ್‌ಒ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ, ಡಿಕಾಕ್ಷನ್ ತೆಳುವಾಗಿ ಇಳಿಯುತ್ತದೆ. ಮೂರು ಪಾಲು ಆರ್‌ಒ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸಿದರೆ ಹದವಾಗುತ್ತದೆ. ಬೋರ್ ನೀರನ್ನು ಮೊದಲೇ ಕುದಿಸಿ ಆರಿಸಿ ಮೇಲಿನದನ್ನು ಬಸಿದುಕೊಂಡರೂ ಗಡಸುತನ ಒಂದಿಷ್ಟು ಇಳಿಯುತ್ತದೆ. ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಚಿತ್ರದುರ್ಗ ಜಿಲ್ಲೆಯ ಅನೇಕ ಊರುಗಳಲ್ಲಿ, ನಮ್ಮ ಜಗಳೂರು ಕಡೆಯಲ್ಲಿ ಅಂತರ್ಜಲಕ್ಕೆ ಫ್ಲೋರೈಡ್ ಸೇರಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಂಥ ಊರಿನವರು ಬೋರ್ ನೀರನ್ನು ಕಾಫಿಗೂ ಬೆರೆಸಬಾರದು. ರುಚಿ ಸ್ವಲ್ಪ ತೆಳುವಾದರೂ ಸರಿ, ಘಟಕದ ನೀರನ್ನೇ ಬಳಸಬೇಕು.

ಪುಡಿ ಕೊಳ್ಳುವಾಗ ಚಿಕೋರಿ ಎಷ್ಟಿದೆ ಎಂದು ಕೇಳಿ. ಕಾಯಿದೆಯ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪ್ರತಿಶತಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ 49ರವರೆಗೂ ಚಿಕೋರಿ ಇರಬಹುದು! ಅಂಥ ಪುಡಿಗೆ ಮಸಾಲೆ ಹಾಕಿದರೆ ಯಾವ ಪರಿಮಳವೂ ಮೇಲೇಳುವುದಿಲ್ಲ. 15 ಅಥವಾ 20 ಪ್ರತಿಶತ ಚಿಕೋರಿ ಸಾಕು. ಬೀಜ ಆರಿಸುವ ಅವಕಾಶವಿದ್ದರೆ ಪ್ಲಾಂಟೇಷನ್, ಅಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ, ಎರಡು ಪಾಲಿರಲಿ, ಮೈಕಟ್ಟಿಗೆ ಒಂದು ಪಾಲು ರೋಬಸ್ಟಾ ಇರಲಿ. ಬರಿಯ ಅರೇಬಿಕಾ ಹಾಲು, ಬೆಲ್ಲ, ಶುಂಠಿಯ ಎದುರು ನಿಲ್ಲುವುದಿಲ್ಲ.

ಹಾಲು ನೀರು ಬೆರೆಸದ್ದಾಗಿರಲಿ. ಮಸಾಲೆಯ ಪರಿಮಳವೆಲ್ಲ ಎಣ್ಣೆಯ ರೂಪದಲ್ಲಿರುವುದರಿಂದ ಅದನ್ನು ಹಿಡಿದಿಡುವುದು ಹಾಲಿನ ಕೊಬ್ಬು. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪ್ರತಿಶತ, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5. ಎರಡನೆಯದನ್ನು ತನ್ನಿ. ಏಲಕ್ಕಿಯ ವಿಷಯದಲ್ಲಿ ಈ ವ್ಯತ್ಯಾಸ ಮೊದಲ ಗುಟುಕಿಗೇ ತಿಳಿಯುತ್ತದೆ.

ಈಗ ಸಾಮಾನುಗಳ ಸ್ವಭಾವ. ಏಲಕ್ಕಿಯ ಎಣ್ಣೆ ಬಹಳ ಬೇಗ ಹಾರಿಹೋಗುತ್ತದೆ, ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ, ಲೋಟದಲ್ಲಿ ಏನೂ ಇಲ್ಲ. ಹಾಲು ಉಕ್ಕಿ ಬಂದು ಒಲೆ ಆರಿಸಿದ ಮೇಲೆ ಕುಟ್ಟಾಣಿಯಲ್ಲಿ ಜಜ್ಜಿದ ಕಾಯಿಯನ್ನು ಸಿಪ್ಪೆಸಮೇತ ಹಾಕಿ ಐದು ನಿಮಿಷ ಮುಚ್ಚಿಡಿ. ಹಾವೇರಿ ನಮಗೆ ಪಕ್ಕದಲ್ಲೇ ಇದೆ, ಏಲಕ್ಕಿ ಹಾರಕ್ಕೆ ಹೆಸರಾದ ಊರು. ಹಾರಕ್ಕೆ ಬಣ್ಣ, ಗಾತ್ರ ನೋಡಬೇಕು ನಿಜ, ಕಾಫಿಗೆ ಅದು ಬೇಡ. ಬಿಳಿಚಿಕೊಂಡ ದಪ್ಪ ಕಾಯಿಗಿಂತ ಹಸಿರಾಗಿರುವ ನಡುಗಾತ್ರದ ಕಾಯಿ ಮೇಲು. ಬಿಡಿಸಿದಾಗ ಒಳಗಿನ ಬೀಜ ಕಪ್ಪಗಿದ್ದು ಬೆರಳಿಗೆ ತುಸು ಅಂಟಬೇಕು. ಮಂಡಿಪೇಟೆಯಲ್ಲಿ ಕೊಳ್ಳುವಾಗ ಒಂದು ಕಾಯಿ ಬಿಡಿಸಿ ನೋಡುತ್ತೇನೆ ಎಂದರೆ ಯಾವ ವ್ಯಾಪಾರಿಯೂ ಬೇಡವೆನ್ನುವುದಿಲ್ಲ.

ಚಕ್ಕೆ ಇದಕ್ಕೆ ತದ್ವಿರುದ್ಧ. ಅದಕ್ಕೆ ನೀರು ಬೇಕು, ಹೊತ್ತು ಬೇಕು. ಚಕ್ಕೆಯ ಪುಡಿಯನ್ನು ಮಾತ್ರ ಕಾಫಿಗೆ ಹಾಕಬೇಡಿ. ಬಿಸಿ ನೀರಿನಲ್ಲಿ ಅದು ಲೋಳೆಯಾಗಿ ಫಿಲ್ಟರ್‌ನ ಕಣ್ಣುಗಳನ್ನು ಮುಚ್ಚುತ್ತದೆ, ಲೋಟದ ತಳದಲ್ಲಿ ಅಂಟಂಟಾಗಿ ಕೂರುತ್ತದೆ. ತುಂಡು ಮಾಡಿ ಕುದಿಸಿ ಸೋಸಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ, ಒರಟು ತೊಗಟೆ ಕ್ಯಾಸಿಯಾ ಜಾತಿಯದು. ಕಾಗದದಂತೆ ಪದರ ಪದರವಾಗಿ ಸುರುಳಿ ಸುತ್ತಿಕೊಂಡದ್ದು ಸಿಲೋನ್ ಚಕ್ಕೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ದಿನವೂ ಜಾಸ್ತಿ ಸೇವಿಸಿದರೆ ಯಕೃತ್ತಿಗೆ ಒಳ್ಳೆಯದಲ್ಲ. ವಾರಕ್ಕೆ ಒಂದೆರಡು ದಿನ ಕುಡಿಯುವ ಕಾಫಿಗೆ ಬೆರಳಿನ ಒಂದು ಗೆಣ್ಣಿನಷ್ಟು ತುಂಡು ಬಳಸಲು ಭಯಪಡಬೇಕಿಲ್ಲ. ದಿನವೂ ಕುಡಿಯುವುದಾದರೆ ಸಿಲೋನ್ ಚಕ್ಕೆಗೆ ಹೆಚ್ಚು ಹಣ ಕೊಡುವುದು ಸಾರ್ಥಕ.

ಲವಂಗ ಮೂರು ಲೋಟಕ್ಕೆ ಒಂದೇ ಒಂದು. ಅದರ ಎಣ್ಣೆಯಲ್ಲಿರುವ ಯೂಜಿನಾಲ್ ಎಂಬ ಅಂಶ ನಾಲಗೆಯನ್ನು ಮರಗಟ್ಟಿಸುತ್ತದೆ, ಆಮೇಲೆ ಕಾಫಿಯ ರುಚಿಯೇ ತಿಳಿಯುವುದಿಲ್ಲ. ಕಾಳುಮೆಣಸಿನ ಖಾರ ನೀರಿಗೆ ಅಷ್ಟಾಗಿ ಇಳಿಯದು, ಅದಕ್ಕೆ ಹಾಲಿನ ಕೊಬ್ಬು ಬೇಕು. ಆದ್ದರಿಂದ ತರಿತರಿಯಾಗಿ ಜಜ್ಜಿ ಹಾಲಿಗೇ ಹಾಕಬೇಕು. ಜಾಯಿಕಾಯಿಯನ್ನು ಮಾಡುವ ಕ್ಷಣದಲ್ಲೇ ತುರಿದು ಚಿಟಿಕೆಯಷ್ಟು ಮೇಲೆ ಉದುರಿಸಿ, ಅದಕ್ಕಿಂತ ಹೆಚ್ಚು ಬೇಡ. ಚಮಚಗಟ್ಟಲೆ ಜಾಯಿಕಾಯಿ ತಿಂದರೆ ತಲೆ ಸುತ್ತು, ವಾಂತಿ, ಭ್ರಮೆಯವರೆಗೂ ಹೋಗುತ್ತದೆ.

ಶುಂಠಿಯ ಬಗ್ಗೆ ಇನ್ನೊಂದು ಮಾತಿದೆ. ಶುಂಠಿ ಒಣಗುವಾಗ ಅದರ ಜಿಂಜೆರಾಲ್ ಎಂಬ ಖಾರದ ಅಂಶ ಶೋಗಾಲ್ ಆಗಿ ಬದಲಾಗುತ್ತದೆ. ಶೋಗಾಲ್ ಇನ್ನೂ ಖಾರ. ಹಸಿ ಶುಂಠಿಯಲ್ಲಿರುವ ನಿಂಬೆಯಂಥ ಹಸಿರು ವಾಸನೆ ಚಹಾಕ್ಕೆ ಒಪ್ಪುತ್ತದೆ, ಹುರಿದ ಕಾಫಿಯ ಜೊತೆ ಜಗಳವಾಡುತ್ತದೆ. ಕಾಫಿಗೆ ಒಣ ಶುಂಠಿಯೇ ಸರಿ. ತಮಿಳುನಾಡಿನ ಸುಕ್ಕು ಕಾಫಿಯಲ್ಲಿ ಒಣ ಶುಂಠಿ, ಧನಿಯಾ, ಮೆಣಸಿಗೆ ತಾಳೆಬೆಲ್ಲ ಸೇರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಅದಕ್ಕೆ ಕಾಫಿ ಪುಡಿಯನ್ನೇ ಹಾಕುವುದಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವ ಆಷಾಢಕ್ಕೆ ನಾನು ಹೇಳುವ ಕಾಫಿ ಇದು. ಮೂರು ಲೋಟದ ಲೆಕ್ಕ. 200 ಮಿಲಿ ನೀರಿಗೆ ಜಜ್ಜಿದ ಒಣ ಶುಂಠಿ ಅರ್ಧ ಚಮಚ, ಬರಿ ಬಾಣಲೆಯಲ್ಲಿ ಹುರಿದು ಕುಟ್ಟಿದ ಧನಿಯಾ ಒಂದು ಚಮಚ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ 150 ಮಿಲಿಗೆ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಫಿಲ್ಟರ್‌ನ ಮೇಲಿನ ಪಾತ್ರೆಗೆ 20 ಗ್ರಾಂ ಕಾಫಿ ಪುಡಿ ಹಾಕಿ. ಊಟದ ಚಮಚದಲ್ಲಿ ಸುಮಾರು ನಾಲ್ಕು. ಬಿಲ್ಲೆಯಿಂದ ಮೆಲ್ಲಗೆ ಒತ್ತಿ. ಆ ಮಸಾಲೆ ನೀರನ್ನೇ ಮತ್ತೆ ಬಿಸಿ ಮಾಡಿ, ಕುದಿ ನಿಂತ ಅರ್ಧ ನಿಮಿಷಕ್ಕೆ ಪುಡಿಯ ಮೇಲೆ ಸುತ್ತಲೂ ಹೊಯ್ಯಿರಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆದ್ದರಿಂದ ಅದಕ್ಕಿಂತ ಹೆಚ್ಚು ಹೊತ್ತು ಆರಿಸಬಾರದು. ಚರಟ ತನ್ನ ತೂಕದ ಎರಡರಷ್ಟು ನೀರು ಕುಡಿಯುತ್ತದೆ, ಕೆಳಗೆ 110 ಮಿಲಿಯಷ್ಟು ಡಿಕಾಕ್ಷನ್ ಸಿಗುತ್ತದೆ. ಅದು ಇಳಿಯುತ್ತಿರುವಾಗ 250 ಮಿಲಿ ಹಾಲನ್ನು ನಾಲ್ಕು ಕಾಳು ಮೆಣಸಿನ ತರಿ ಹಾಕಿ ಒಂದು ಕುದಿ ಬರಿಸಿ, ಮುಚ್ಚಿಟ್ಟು ಸೋಸಿ. ಲೋಟಕ್ಕೆ ಮೊದಲು ಜೋನಿ ಬೆಲ್ಲ, ಅದರ ಮೇಲೆ ಡಿಕಾಕ್ಷನ್, ಚೆನ್ನಾಗಿ ಕಲಸಿ ಕೊನೆಗೆ ಹಾಲು. ಹಾಲು ಬಿಸಿಯಾಗಿರಲಿ, ಕುದಿಯುತ್ತಿರಬಾರದು. ಎತ್ತರದಿಂದ ಎರಡು ಸಲ ಹೊಯ್ದರೆ ನೊರೆ ಬರುತ್ತದೆ.

ಮಸಾಲೆಯ ನೀರನ್ನೇ ಕಾಫಿಯ ಮೂಲಕ ಇಳಿಸುವ ಈ ಕ್ರಮವನ್ನು ದಯವಿಟ್ಟು ಒಮ್ಮೆ ಮಾಡಿ ನೋಡಿ. ಬೇರೆ ಬೇರೆಯಾಗಿ ಮಾಡಿ ಕೊನೆಗೆ ಬೆರೆಸಿದ ಕಾಫಿಯಲ್ಲಿ ಮೊದಲು ಶುಂಠಿ, ಆಮೇಲೆ ಕಾಫಿ ಎಂದು ಎರಡು ರುಚಿ ತಿಳಿಯುತ್ತವೆ. ಹೀಗೆ ಇಳಿಸಿದಾಗ ಒಂದೇ ರುಚಿಯಾಗಿ ಬರುತ್ತದೆ. ಬೆಣ್ಣೆ ದೋಸೆ ತಿಂದು ಬಾಯಲ್ಲಿ ಬೆಣ್ಣೆಯ ಜಿಡ್ಡು ಉಳಿದಾಗ ಈ ಕಾಫಿಗೆ ಸಾಟಿಯಿಲ್ಲ. ಮಿರ್ಚಿಯ ಜೊತೆಗೆ ಮಾತ್ರ ಬೇಡ, ಖಾರದ ಮೇಲೆ ಖಾರವಾಗುತ್ತದೆ.

ಚಳಿಗಾಲಕ್ಕೆ ಖಾರ ಬೇಕಿಲ್ಲ. ನಮ್ಮ ಬಯಲುಸೀಮೆಯ ಚಳಿ ಒಣಚಳಿ, ಗಂಟಲೂ ಒಣಗುತ್ತದೆ. ಆಗ ಏಲಕ್ಕಿ, ಸಣ್ಣ ಚಕ್ಕೆ, ಚಿಟಿಕೆ ಜಾಯಿಕಾಯಿ ಸಾಕು. ಚಕ್ಕೆ ನೀರಿಗೆ, ಎರಡು ಏಲಕ್ಕಿ ಹಾಲಿಗೆ, ಜಾಯಿಕಾಯಿ ನೊರೆಯ ಮೇಲೆ. ಆಲೆಮನೆಗಳಲ್ಲಿ ಹೊಸ ಬೆಲ್ಲ ಇಳಿಯುವ ಕಾಲವೂ ಅದೇ. ಹಳದಿ ಹೊಳಪಿನ ಬೆಲ್ಲವನ್ನು ಬಿಟ್ಟು ಕಂದು ಬಣ್ಣದ್ದನ್ನು ಆರಿಸಿ. ಬಣ್ಣ ಬಿಳುಪಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲ ಕಾಫಿಗೆ ಗಂಧಕದ ವಾಸನೆ ತರುತ್ತದೆ.

ಬೇಸಿಗೆಯದು ತಣ್ಣನೆಯ ಕಾಫಿ. ಚಿಕೋರಿಯಿಲ್ಲದ, ತರಿಯಾಗಿ ಬೀಸಿದ 30 ಗ್ರಾಂ ಪುಡಿಗೆ ಜಜ್ಜಿದ ಸೋಂಪು ಒಂದು ಚಮಚ ಸೇರಿಸಿ 300 ಮಿಲಿ ತಣ್ಣೀರಿನಲ್ಲಿ ನೆನೆಹಾಕಿ. ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಬಟ್ಟೆಯಲ್ಲಿ ಸೋಸಿ ತಣ್ಣನೆಯ ಹಾಲಿಗೆ ಬೆರೆಸಿ. ತಣ್ಣೀರಿನಲ್ಲಿ ಹುಳಿ, ಕಹಿ ಎರಡೂ ಕಡಿಮೆ ಇಳಿಯುವುದರಿಂದ ಸಿಹಿಯೂ ಕಡಿಮೆ ಸಾಕು. ಸುಡುವ ಏಪ್ರಿಲ್‌ನಲ್ಲಿ ಲವಂಗ, ಒಣ ಶುಂಠಿಯನ್ನು ಡಬ್ಬಿಯಲ್ಲೇ ಬಿಡಿ.

ನಿಮ್ಮ ಮಗಳು ಹೇಳುವ ಕುಂಬಳಕಾಯಿ ಕಾಫಿ ಅಮೆರಿಕದ್ದು. ಅಲ್ಲಿ ಶರತ್ಕಾಲದಲ್ಲಿ ಸಿಹಿಕುಂಬಳದಿಂದ ಪೈ ಎಂಬ ತಿನಿಸು ಮಾಡುತ್ತಾರೆ. ಅದಕ್ಕೆ ಹಾಕುವ ಚಕ್ಕೆ, ಒಣ ಶುಂಠಿ, ಜಾಯಿಕಾಯಿ, ಲವಂಗದ ಮಸಾಲೆಯನ್ನೇ ಕಾಫಿಗೆ ತಂದು ಸ್ಟಾರ್‌ಬಕ್ಸ್ ಸಂಸ್ಥೆ 2003ರಲ್ಲಿ ಮಾರಲು ಶುರು ಮಾಡಿತು. ಅದರಲ್ಲಿ ಕುಂಬಳಕಾಯಿ ಸೇರಿದ್ದು 2015ರಲ್ಲಿ, ಅಲ್ಲಿಯವರೆಗೆ ಇದ್ದದ್ದು ಮಸಾಲೆ ಮಾತ್ರ. ಆ ಮಿಶ್ರಣದಲ್ಲಿ ಕೆಲವರು ಆಲ್‌ಸ್ಪೈಸ್ ಎಂಬ ಕಾಳನ್ನೂ ಹಾಕುತ್ತಾರೆ. ನಮ್ಮ ಪೇಟೆಯಲ್ಲಿ ಅದನ್ನು ಹುಡುಕಿ ಅಲೆಯಬೇಡಿ. ಅದರ ಪರಿಮಳಕ್ಕೆ ಮುಖ್ಯ ಕಾರಣ ಲವಂಗದಲ್ಲಿರುವ ಅದೇ ಯೂಜಿನಾಲ್, ಒಂದು ಲವಂಗ ಹೆಚ್ಚು ಹಾಕಿದರೆ ಸಾಕು.

ಮನೆಯಲ್ಲಿ ಇದನ್ನು ಪಾಕವಾಗಿ ಮಾಡುವುದು ಸುಲಭ. 100 ಗ್ರಾಂ ಬೆಲ್ಲ, 100 ಮಿಲಿ ನೀರು, ಬೆರಳುದ್ದ ಚಕ್ಕೆ, ಜಜ್ಜಿದ ಒಣ ಶುಂಠಿ ಅರ್ಧ ಚಮಚ, ಎರಡು ಲವಂಗ. ಸಣ್ಣ ಉರಿಯಲ್ಲಿ ಎಂಟು ನಿಮಿಷ ಕುದಿಸಿ ಇಳಿಸಿ, ಜಾಯಿಕಾಯಿ ಚಿಟಿಕೆ ಹಾಕಿ, ಆರಿದ ಮೇಲೆ ಸೋಸಿ. ಲೋಟಕ್ಕೆ ಒಂದು ದೊಡ್ಡ ಚಮಚ. ಕುಂಬಳಕಾಯಿ ಇರಲೇಬೇಕು ಎಂದು ಮಗಳು ಹಟ ಹಿಡಿದರೆ ಬೇಯಿಸಿ ನುಣ್ಣಗೆ ಅರೆದ ಎರಡು ಚಮಚ ಸಿಹಿಕುಂಬಳವನ್ನು ಇದರ ಜೊತೆಗೇ ಕುದಿಸಿ. ರುಚಿಗೆ ಅದರಿಂದ ಹೆಚ್ಚೇನೂ ಸೇರುವುದಿಲ್ಲ, ಮೈಕಟ್ಟು ಬರುತ್ತದೆ. ಕುಂಬಳಕಾಯಿ ಹಾಕಿದ ಪಾಕವನ್ನು ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಹಾಕದಿದ್ದರೆ ಫ್ರಿಜ್‌ನಲ್ಲಿ ಹತ್ತು ದಿನ ಇಡಬಹುದು.

ಫಿಲ್ಟರ್ ಬಗ್ಗೆಯೂ ಒಂದು ಮಾತು. ಮಸಾಲೆಯ ಎಣ್ಣೆ ಫಿಲ್ಟರ್‌ಗೆ ಹತ್ತಿಕೊಂಡರೆ ಮಾರನೆಯ ದಿನದ ಸಾದಾ ಕಾಫಿಯಲ್ಲೂ ಶುಂಠಿ ವಾಸನೆ ಬರುತ್ತದೆ. ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ತೊಳೆಯಿರಿ. ಮನೆಯಲ್ಲಿ ಸಾದಾ ಕಾಫಿಯ ಕಟ್ಟಾ ಅಭಿಮಾನಿಗಳಿದ್ದರೆ ಮಸಾಲೆಗೆ ಬೇರೆಯೇ ಒಂದು ಸಣ್ಣ ಸ್ಟೀಲ್ ಫಿಲ್ಟರ್ ಇಟ್ಟುಕೊಳ್ಳುವುದು ಮೇಲು.

ಮಗಳ ಕೈಯಲ್ಲಿ ಕಳಿಸುವುದಾದರೆ ಮಸಾಲೆಯನ್ನು ಕಾಫಿ ಪುಡಿಗೆ ಬೆರೆಸಿ ಕಳಿಸಬೇಡಿ. ಕಾಫಿ ಪುಡಿಯೇ ಗಾಳಿ ತಾಗಿದ ಎರಡು ವಾರಕ್ಕೆ ಪರಿಮಳ ಕಳೆದುಕೊಳ್ಳುತ್ತದೆ, ಪುಡಿ ಮಾಡಿದ ಏಲಕ್ಕಿ ಅದಕ್ಕೂ ಮೊದಲೇ. ಒಣ ಶುಂಠಿ ಮತ್ತು ಧನಿಯಾವನ್ನು ಹುರಿದು ತರಿಯಾಗಿ ಕುಟ್ಟಿ ಒಂದು ಸಣ್ಣ ಬಾಟಲಿಗೆ ಹಾಕಿ. ಏಲಕ್ಕಿ, ಮೆಣಸು, ಚಕ್ಕೆ, ಲವಂಗ ಇಡಿಯಾಗಿಯೇ ಹೋಗಲಿ, ಅಲ್ಲೇ ಜಜ್ಜಿಕೊಳ್ಳಲಿ. ಜಾಯಿಕಾಯಿಯೂ ಇಡಿಯದೇ ಇರಲಿ, ಒಂದು ಕಾಯಿ ತಿಂಗಳುಗಟ್ಟಲೆ ಬರುತ್ತದೆ. ಕಾಫಿ ಪುಡಿಯನ್ನು ಕಾಲು ಕಿಲೋಗಿಂತ ಹೆಚ್ಚು ಒಮ್ಮೆಗೆ ಬೀಸಿಸಬೇಡಿ. ಅವಳ ಬಳಿ ಫಿಲ್ಟರ್ ಇಲ್ಲದಿದ್ದರೆ ಕುದಿ ನಿಂತ ಮಸಾಲೆ ನೀರಿಗೆ ಪುಡಿ ಹಾಕಿ ಕಲಕಿ, ನಾಲ್ಕು ನಿಮಿಷ ಮುಚ್ಚಿಟ್ಟು ಬಟ್ಟೆಯಲ್ಲಿ ಸೋಸಿಕೊಳ್ಳಲು ಹೇಳಿ. ಪುಡಿ ಹಾಕಿದ ಮೇಲೆ ಪಾತ್ರೆ ಮತ್ತೆ ಒಲೆಗೆ ಏರಬಾರದು ಎನ್ನುವುದನ್ನು ಮರೆಯದೆ ಹೇಳಿ.